ಅಂತರಗಂಗಿ ಬೇರಿನ ಒಕ್ಕಲು

ಕಣ್ಣಿಗೆ ಕಾಣದ ಜೀವಿಗಳನ್ನು ಹುಡುಕುವ ಕೆಲಸ ಹಿಡಿದವರನ್ನು ಊರ ಮಂದಿಯೆಲ್ಲ ಕಣ್ಣರಳಿಸಿ ನೋಡುತ್ತಾರೆ. ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಬಹಳ ವರ್ಷ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದೆ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಮಗಳು ಸಾಲೆಗೆ ಹೋಗುವಷ್ಟಾದಳು ಅನ್ನುವ ಧೈರ್ಯದ ಮೇಲೆ, ಪಿಎಚ್.ಡಿ. ಮಾಡುವ ಹುಕಿ ಬಂತು. ಆರಿಸಿಕೊಂಡ ವಿಷಯ, ಕೆರೆಯ ನೀರಿನ ಮೇಲೆ ತೇಲುವ ಅಂತರಗಂಗಿ ಗಿಡದ ಬೇರಿಗೆ ಅಂಟಿಕೊಂಡು ಬದುಕುವ ಬ್ಯಾಕ್ಟೀರಿಯಾ.

ಅಂತರಗಂಗಿ ನೋಡದವರಿಗೆ ಹೇಳುವುದಾದರೆ, ಒಂದು ಸಣ್ಣ ಎಲೆಕೋಸನ್ನು ಅರಳಿಸಿ ನೀರಿನ ಮೇಲೆ ಬಿಟ್ಟಂತೆ ಇರುತ್ತದೆ. ಕೆಳಗೆ ಬೇರು, ತಲೆ ತೊಳೆದುಕೊಂಡ ಹೆಣ್ಣುಮಗಳ ಕೂದಲಿನಂತೆ ಇಳಿಬಿದ್ದಿರುತ್ತದೆ. ಆ ಒಂದೊಂದು ಎಳೆಯ ಮೇಲೂ ಲಕ್ಷಗಟ್ಟಲೆ ಜೀವಿಗಳು ಒಕ್ಕಲು ಕೂತಿರುತ್ತವೆ. ಅಷ್ಟು ಜೀವಿಗಳಲ್ಲಿ ಇದುವರೆಗೆ ಯಾರೂ ಕಾಣದ ಜಾತಿಯ ಒಂದಾದರೂ ಇದ್ದೀತು ಎಂಬುದು ನನ್ನ ಆಸೆ. ಆ ಆಸೆಯ ಬೆನ್ನು ಹತ್ತಿ ಕಿತ್ತೂರು, ಸವದತ್ತಿ, ರಾಮದುರ್ಗ ಅಂತ ಕೆರೆ ಕೆರೆ ತಿರುಗಿದೆ. ತಿರುಗಿದಲ್ಲೆಲ್ಲ ಏನಾದರೊಂದು ಆಗುತ್ತಲೇ ಇತ್ತು.

ಕಳೆದ ಬೆಂಡೋಲಿ

ಮೊದಲ ಸಲ ಬೇರು ತರಲು ಹೋದದ್ದು ಕಿತ್ತೂರಿನ ಹತ್ತಿರದ ಒಂದು ಕೆರೆಗೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲುಮಟ ನೀರಿಗಿಳಿದಿದ್ದೆ. ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ಬಾಟಲಿ. ಬಾಟಲಿಯ ಮುಚ್ಚಳ ಹಿಡಿಯಲು ಮೂರನೆಯ ಕೈ ಇಲ್ಲದ್ದರಿಂದ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ.

ದಂಡೆಯ ಮೇಲೆ ಅರಿವೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಏನು ಕಳಕೊಂಡೆ ಅಂತ ಕೇಳಿದಳು. ಬಾಯಲ್ಲಿ ಮುಚ್ಚಳ ಇದ್ದುದರಿಂದ ನಾನು ಮಾತಾಡಲಿಲ್ಲ. ಅದೇ ಹೊತ್ತಿಗೆ ಕಿವಿಯ ಹತ್ತಿರ ಒಂದು ಸೊಳ್ಳೆ ಬಂತು, ಚಿಮಟ ಹಿಡಿದ ಕೈಯಿಂದಲೇ ಅದನ್ನು ಹೊಡೆದೆ. ಅಜ್ಜಿಗೆ ಅಷ್ಟು ಸಾಕಾಯಿತು. ಬಾಯಿಬಿಟ್ಟು ಹೇಳಲಾಗದಷ್ಟು ದುಃಖ, ತೋರಿಸಿದ್ದು ಕಿವಿ. ಅಂದಮೇಲೆ ಕಳೆದದ್ದು ಬಂಗಾರದ ಬೆಂಡೋಲಿ. ಆಕೆ ಕೂಗು ಹಾಕಿದ್ದೇ ತಡ, ಐದಾರು ಹೆಣ್ಣುಮಕ್ಕಳು ಒಗೆಯುವುದನ್ನು ಬಿಟ್ಟು ನೀರಿಗಿಳಿದು ನನ್ನ ಸುತ್ತಲಿನ ಅಂತರಗಂಗಿಯನ್ನೆಲ್ಲ ಕಿತ್ತು ಕಿತ್ತು ದಂಡೆಗೆ ಎಸೆಯತೊಡಗಿದರು.

ನಾನು ಮುಚ್ಚಳ ಕೈಗೆ ತೆಗೆದುಕೊಂಡು, ಏನೂ ಕಳೆದಿಲ್ಲ ಅಂತ ಹೇಳಿದೆ. ಯಾರೂ ನಂಬಲಿಲ್ಲ. ಅತ್ತೆಯ ಅಂಜಿಕೆಗೆ ಹಾಗೆ ಹೇಳುತ್ತಾಳೆ ಪಾಪ ಅಂತ ತಮ್ಮೊಳಗೇ ಮಾತಾಡಿಕೊಂಡು ಇನ್ನಷ್ಟು ಜೋರಾಗಿ ಹುಡುಕಿದರು. ಕೊನೆಗೆ ಸೆರಗು ಸರಿಸಿ ಎರಡೂ ಕಿವಿ ತೋರಿಸಬೇಕಾಯಿತು. ಅಷ್ಟರಲ್ಲಿ ದಂಡೆಯ ಮೇಲೆ ಗಿಡದ ರಾಶಿ ಬಿದ್ದಿತ್ತು. ನನಗೆ ಬೇಕಾಗಿದ್ದದ್ದು ಎರಡು ಬೇರು.

ಹಾಗಾದರೆ ಹುಡುಕುತ್ತಿದ್ದದ್ದಾದರೂ ಏನು ಅಂತ ಅಜ್ಜಿ ಸಿಟ್ಟಿನಿಂದಲೇ ಕೇಳಿದಳು. ಈ ಬೇರಿನ ಮೇಲೆ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಅವುಗಳಲ್ಲಿ ಹೊಸದೊಂದನ್ನು ಹುಡುಕುತ್ತಿದ್ದೇನೆ ಅಂದೆ. ಆಕೆಯ ಸಿಟ್ಟು ಇಳಿದು, ದನಿಯಲ್ಲಿ ಕನಿಕರ ಬಂತು.

"ಕಾಣದ್ದನ್ನ ಹುಡಕಾಕ ಬಂದೀದಿ ಯವ್ವಾ, ಅದು ಸಿಕ್ತು ಅಂತ ನಿನಗ ಹೆಂಗ ಗೊತ್ತಾಗತೈತಿ?"

ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಮುಂದೆ ಐದು ವರ್ಷ ಹಿಡಿಯಿತು.

ಸವದತ್ತಿ ಬಸ್ಸು

ಸವದತ್ತಿಯ ಕಡೆ ಹಿನ್ನೀರಿನ ಅಂಚಿನಲ್ಲಿ ಒಳ್ಳೆಯ ಅಂತರಗಂಗಿ ಸಿಕ್ಕಿತು. ಬೇರು ಒಣಗಬಾರದು ಅಂತ ಗಿಡವನ್ನು ನೀರಿನ ಸಮೇತ ದೊಡ್ಡ ಗಾಜಿನ ಭರಣಿಯಲ್ಲಿ ಹಾಕಿಕೊಂಡು ಬೈಲಹೊಂಗಲದ ಬಸ್ಸು ಹತ್ತಿದೆ. ಬಸ್ಸಿನ ತುಂಬ ಗುಡ್ಡಕ್ಕೆ ಹೋಗಿ ದೇವಿಯ ದರ್ಶನ ಮಾಡಿಕೊಂಡು ಬಂದ ಮಂದಿ. ಎಲ್ಲರ ಹಣೆಯ ಮೇಲೂ ಭಂಡಾರ. ಅಂಥವರ ನಡುವೆ ಒಬ್ಬ ಹೆಣ್ಣುಮಗಳು ಹಸಿರೆಲೆ ತೇಲುವ ನೀರಿನ ಭರಣಿಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ತಬ್ಬಿ ಹಿಡಿದು ಕೂತರೆ ನೋಡಿದವರು ಏನಂದುಕೊಳ್ಳಬೇಕು?

ಪಕ್ಕದಲ್ಲಿ ಕೂತ ಮುದುಕಿ ಮೊಮ್ಮಗಳ ಅಂಗೈಯನ್ನು ಹಿಡಿದು ಮುಂದೆ ಚಾಚಿಸಿ, ಒಂದು ಹನಿ ತೀರ್ಥ ಹಾಕು ಅಂದಳು. ಇದು ತೀರ್ಥ ಅಲ್ಲ, ಕುಡಿದರೆ ಹೊಟ್ಟೆ ಕೆಡುತ್ತದೆ ಅಂದೆ. ಮುದುಕಿಯ ಮುಖ ಸಪ್ಪಗಾಯಿತು. ಇಷ್ಟು ತುಂಬಿಕೊಂಡು ಒಂದು ಹನಿ ಕೊಡಲು ಮನಸ್ಸಿಲ್ಲ ನೋಡು ಅಂತ ಹಿಂದಿನ ಸೀಟಿನವರಿಗೆ ಹೇಳಿದಳು. ಹಿಂದಿನವರು ಮುಂದಿನವರಿಗೆ ಹೇಳಿದರು. ಬಸ್ಸಿನಲ್ಲಿ ನನ್ನ ಮರ್ಯಾದೆ ಹೋಗುವ ಲಕ್ಷಣ ಕಂಡು ನಾನು ಎದ್ದು ನಿಂತು, ತರಗತಿಯಲ್ಲಿ ಹೇಳುವ ಹಾಗೆಯೇ ವಿವರಿಸಿದೆ. ನೋಡಿರಿ, ಇದು ಬರೀ ನೀರಲ್ಲ, ಈ ಭರಣಿಯೊಳಗೆ ಕೋಟ್ಯಂತರ ಜೀವಿಗಳಿವೆ, ಉಸಿರಾಡುತ್ತವೆ, ಊಟ ಮಾಡುತ್ತವೆ, ಮಕ್ಕಳು ಮರಿ ಅಂತ ವಂಶ ಬೆಳೆಸುತ್ತವೆ ಅಂತ.

ಅಷ್ಟು ಹೊತ್ತಿಗೆ ಕಂಡಕ್ಟರ್ ನನ್ನ ಸೀಟಿಗೆ ಬಂದಿದ್ದ. ಪೂರಾ ಕೇಳಿಸಿಕೊಂಡು, ಕಿವಿಯ ಮೇಲಿನ ಪೆನ್ನು ತೆಗೆದು ಗಂಭೀರವಾಗಿ ಕೇಳಿದ.

"ಹಂಗಾರ ಮೇಡಮ್ಮಾರ, ನಿಮಗೊಂದು ಫುಲ್ ಟಿಕೀಟು. ಒಳಗಿನ ಮಂದಿಗೆ ಹಾಫ್ ಹರೀಲೋ, ಮಡಿಲಾಗಿನ ಕೂಸು ಅಂತ ಬಿಡಲೋ?"

ಕಾಕಾನ ಫರಾಳ

ಬೇರಿನಿಂದ ಬ್ಯಾಕ್ಟೀರಿಯಾ ಬೇರ್ಪಡಿಸಿ ಬೆಳೆಸಬೇಕಾದರೆ ಅವಕ್ಕೆ ಊಟ ಬೇಕು. ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಪುಡಿಯನ್ನು ನೀರಿನಲ್ಲಿ ಕುದಿಸಿ, ಸ್ವಲ್ಪ ಸಿಹಿ, ಸ್ವಲ್ಪ ಯೀಸ್ಟಿನ ಸಾರ ಸೇರಿಸಿ, ಗಾಜಿನ ಸಣ್ಣ ತಟ್ಟೆಗಳಲ್ಲಿ ಹೊಯ್ದರೆ ಹಾಲುಬಾಯಿಯಂತೆ ಗಟ್ಟಿಯಾಗುತ್ತದೆ. ಅದಕ್ಕೂ ಮೊದಲು ಅದನ್ನು ಹಬೆಯ ಒತ್ತಡದಲ್ಲಿ ಬೇಯಿಸಿ ಬೇರೆ ಕ್ರಿಮಿ ಇಲ್ಲದಂತೆ ಮಾಡಬೇಕು. ಕಾಲೇಜಿನಲ್ಲಿ ಆ ಕೆಲಸದ ಯಂತ್ರ ಕೆಟ್ಟಿತ್ತು. ಮನೆಯಲ್ಲಿ ಕುಕ್ಕರ್ ಇತ್ತು. ಮುಂಜಾನೆ ಅನ್ನ, ಮಧ್ಯಾಹ್ನ ಬ್ಯಾಕ್ಟೀರಿಯಾದ ಊಟ, ಸಂಜೆ ಮತ್ತೆ ಬ್ಯಾಳಿ, ಹೀಗೆ ಒಂದೇ ಕುಕ್ಕರಿನಲ್ಲಿ ಎರಡು ಸಂಸಾರ ನಡೆದವು.

ಒಂದು ರವಿವಾರ ಹತ್ತು ತಟ್ಟೆ ಹೊಯ್ದು, ಅಡುಗೆಮನೆಯ ಕಟ್ಟೆಯ ಮೇಲೆ ಆರಲು ಇಟ್ಟು, ಬೇರು ತರಲು ಕಾಲೇಜಿಗೆ ಹೋಗಿದ್ದೆ. ಆ ಹೊತ್ತಿಗೆ ಸುರೇಬಾನದಿಂದ ನಮ್ಮ ಮನೆಯವರ ಕಾಕಾ ಬಂದರು, ಮಗಳ ಲಗ್ನದ ಪತ್ರಿಕೆ ಕೊಡಲು. ಅತ್ತೆ ಚಹಾಕ್ಕೆ ಹಾಲು ತರಲು ಓಣಿಗೆ ಹೋದರು. ಕಾಕಾ ನೀರು ಕುಡಿಯಲು ಅಡುಗೆಮನೆಗೆ ಹೋದರು.

ನಾನು ಮರಳಿ ಬಂದಾಗ ಎಂಟೇ ತಟ್ಟೆ ಇದ್ದವು. ಉಳಿದೆರಡು ತಟ್ಟೆಗಳನ್ನು ತೊಳೆದು ಬೋರಲು ಹಾಕಿದ್ದರು, ಪಕ್ಕದಲ್ಲೊಂದು ಚಮಚ. ಆರೋಗ್ಯದ ಭಯವೇನಿರಲಿಲ್ಲ, ಬೇಯಿಸಿದ ವಸ್ತು, ಅದರ ಮೇಲೆ ಇನ್ನೂ ಯಾವ ಜೀವಿಯನ್ನೂ ಬಿಟ್ಟಿರಲಿಲ್ಲ. ಭಯ ಇದ್ದದ್ದು ಬೇರೆ. ಹಿಂದಿನ ವಾರ ಬೇರೆ ಕಾಲೇಜಿನ ಯಂತ್ರದಲ್ಲಿ ಬೇಯಿಸಿದ ಊಟದಲ್ಲಿ ಮಾಂಸದ ಸಾರ ಇತ್ತು, ಅದೇ ಪುಡಿ ಇದಕ್ಕೂ ಬಿದ್ದಿತೇನೋ ಅಂತ. ದಿನಾ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ಹಿರಿಯರು ಅವರು. ಓಡಿ ಹೋಗಿ ಬರೆದಿಟ್ಟ ಚೀಟಿ ನೋಡಿದೆ. ಈ ವಾರದ್ದು ಶುದ್ಧ ಶಾಕಾಹಾರ. ಜೀವ ಬಂದಂತಾಯಿತು.

ಪಡಸಾಲೆಗೆ ಬಂದು ಕಾಕಾನ ಕಾಲಿಗೆ ನಮಸ್ಕಾರ ಮಾಡಿದೆ. ಅವರು ಆಶೀರ್ವಾದ ಮಾಡಿ, ನನ್ನ ಕಡೆ ನೋಡದೆ, ಅತ್ತೆಯ ಕಡೆ ತಿರುಗಿ ಸಮಾಧಾನದ ದನಿಯಲ್ಲಿ ಹೇಳಿದರು.

"ಸೊಸಿಗೆ ಏನೂ ಅನಬ್ಯಾಡ್ರಿ ವೈನಿ. ಸಕ್ರಿ ಕಡಿಮಿ ಬಿದ್ದೈತಿ, ಯಾಲಕ್ಕಿ ಮರತಾಳ. ಆದ್ರ ಗಾಜಿನ ತಾಟಿನ್ಯಾಗ ಹಾಕಿ ಕೊಡೋ ರೀತಿ ಭಾಳ ಚೊಲೋ."

ಹರವಿಯ ಹಿಂದಿನ ಮಾಡ

ಕಾಕಾ ಉಳಿಸಿ ಹೋದ ಎಂಟು ತಟ್ಟೆಗಳ ಮೇಲೆ ನಾನು ತೀಡಿದ್ದು ರಾಮದುರ್ಗದ ಕಡೆಯಿಂದ ತಂದ ಬೇರಿನ ನೀರು. ಕಟಕೋಳ ದಾಟಿ ಒಳಗೆ ಹೋದರೆ ಒಂದು ಸಣ್ಣ ಊರು, ಅದರ ಕೆರೆಯದು. ನಾಲ್ಕನೆಯ ದಿನಕ್ಕೆ ಒಂದು ತಟ್ಟೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಚುಕ್ಕೆ ಎದ್ದಿತು, ಕುಸುಬಿ ಹೂವಿನ ಕೇಸರಿ ಬಣ್ಣದ್ದು. ಅಂಥದನ್ನು ನಾನು ನೋಡಿರಲಿಲ್ಲ. ಧಾರವಾಡದಲ್ಲಿದ್ದ ನನ್ನ ಗುರುಗಳೂ ನೋಡಿರಲಿಲ್ಲ. ಅವರು ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ, ಇದನ್ನು ಜೋಪಾನ ಮಾಡು ಅಂದರು.

ಜೋಪಾನ ಮಾಡುವುದೆಂದರೆ ಸಣ್ಣ ಗಾಜಿನ ಕೊಳವೆಗಳಲ್ಲಿ ಬೆಳೆಸಿ ಫ್ರಿಜ್ಜಿನಲ್ಲಿ ಇಡುವುದು. ಹನ್ನೆರಡು ಕೊಳವೆ ಕಾಲೇಜಿನ ಫ್ರಿಜ್ಜಿನಲ್ಲಿಟ್ಟೆ. ಯಾವುದಕ್ಕೂ ಇರಲಿ ಅಂತ ಆರು ಕೊಳವೆಗಳನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮನೆಯ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟೆ. ಬ್ಯಾಕ್ಟೀರಿಯಾದ ವಂಶವಾಹಿಯ ಅಕ್ಷರಗಳನ್ನು ಓದಿಸಲು ಗುರುಗಳು ಪುಣೆಗೆ ಮಾದರಿ ಕಳಿಸಿದರು. ಮೂರು ತಿಂಗಳಾದ ಮೇಲೆ ಅವರ ಫೋನು ಬಂತು. ಈ ಅಕ್ಷರಗಳು ಜಗತ್ತಿನ ಯಾವ ಪಟ್ಟಿಯಲ್ಲಿರುವುದಕ್ಕೂ ಸರಿಯಾಗಿ ಹೊಂದುತ್ತಿಲ್ಲ, ಇದು ಹೊಸ ಜಾತಿಯೇ ಇರಬೇಕು. ಆದರೆ ಜೀವಂತ ಬ್ಯಾಕ್ಟೀರಿಯಾವನ್ನು ಎರಡು ದೊಡ್ಡ ಸಂಗ್ರಹಾಲಯಗಳಿಗೆ ಒಪ್ಪಿಸದೆ ಜಗತ್ತು ಒಪ್ಪುವುದಿಲ್ಲ, ಹೊಸ ಕೊಳವೆಗಳಲ್ಲಿ ಬೆಳೆಸಿಕೊಂಡು ತಾ ಅಂದರು.

ಕುಣಿಯುತ್ತ ಕಾಲೇಜಿಗೆ ಹೋದೆ. ಹನ್ನೆರಡು ಕೊಳವೆಯಿಂದಲೂ ಹೊಸ ತಟ್ಟೆಗೆ ತೀಡಿದೆ. ನಾಲ್ಕು ದಿನ ಕಾದೆ, ಎಂಟು ದಿನ ಕಾದೆ. ಒಂದೂ ಬೆಳೆಯಲಿಲ್ಲ. ಎಲ್ಲ ಸತ್ತಿದ್ದವು. ಗುರುಗಳ ಹತ್ತಿರ ಏನೂ ಉಳಿದಿರಲಿಲ್ಲ, ಪುಣೆಗೆ ಕಳಿಸಿದ್ದೂ ಪರೀಕ್ಷೆಯಲ್ಲೇ ಮುಗಿದಿತ್ತು. ಆ ಕೆರೆಯೋ ಆ ವರ್ಷದ ಬೇಸಿಗೆಗೆ ತಳ ಕಂಡಿತ್ತು. ಮನೆಗೆ ಓಡಿ ಬಂದು ಫ್ರಿಜ್ಜು ತೆಗೆದೆ. ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ಮೊಸರಿನ ಪಾತ್ರೆ ಕೂತಿತ್ತು.

ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ನಾಲ್ಕು ವರ್ಷ ಬಸ್ಸು ಹತ್ತಿ ಇಳಿದದ್ದು, ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ತಿರುಗಿದ್ದು, ಎಲ್ಲ ಒಂದೇ ಸಲಕ್ಕೆ ನೆನಪಾಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು, ನೀರಿನ ಹರವಿಯನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದೆ ಗೋಡೆಯಲ್ಲಿದ್ದ ಮಾಡಕ್ಕೆ ಕೈ ಹಾಕಿ ಡಬ್ಬಿ ತೆಗೆದರು. ಹಬ್ಬಕ್ಕೆ ಮಂದಿ ಬಂದಾಗ ಹುಗ್ಗಿಯ ಬೋಗುಣಿಗೆ ಜಾಗ ಸಾಲದೆ ಅದನ್ನು ಹೊರಗೆ ತೆಗೆದಿದ್ದರಂತೆ. ತಿರುಗಿ ಇಡುವುದು ಮರೆತು, ಆಮೇಲೆ ನೆನಪಾದರೂ ನನಗೆ ಹೇಳಲು ಅಂಜಿ, ಮನೆಯಲ್ಲಿ ತಂಪಾಗಿದ್ದ ಮತ್ತೊಂದು ಜಾಗ ಅಂತ ಅಲ್ಲಿ ಇಟ್ಟಿದ್ದರಂತೆ.

ಆಸೆ ಇಲ್ಲದೆ ಆ ಆರನ್ನೂ ತೀಡಿದೆ. ನಾಲ್ಕನೆಯ ದಿನ ಆರಕ್ಕೆ ಆರೂ ತಟ್ಟೆಯಲ್ಲಿ ಕುಸುಬಿ ಹೂವು ಅರಳಿತ್ತು.

ಸುದ್ದಿ ಕೇಳಿ ಗುರುಗಳು ಬಹಳ ಹೊತ್ತು ನಕ್ಕರು, ಆಮೇಲೆ ಪರೀಕ್ಷೆ ಮಾಡಿಸಿದರು. ನಮ್ಮ ಬಿಸಿಲಿಗೆ ಹುಟ್ಟಿದ ಆ ಜೀವಿಗೆ ಫ್ರಿಜ್ಜಿನ ಚಳಿ ತಡೆಯುತ್ತಿರಲಿಲ್ಲ. ಎಲ್ಲರೂ ಜೋಪಾನ ಮಾಡುವಲ್ಲಿ ಇಟ್ಟದ್ದು ಸತ್ತಿತು, ಅತ್ತೆ ಮರೆತಿಟ್ಟದ್ದು ಬದುಕಿತು. ಪ್ರಬಂಧದ ಕೊನೆಗೆ ಉಪಕಾರ ಸ್ಮರಣೆಯಲ್ಲಿ ನಿಮ್ಮ ಹೆಸರು ಬರೆಯುತ್ತೇನೆ ಅಂತ ಅತ್ತೆಗೆ ಹೇಳಿದೆ. ಅವರು ಗಾಬರಿಯಾಗಿ ಹೊರಗೆ ಮಾವನವರು ಕೂತಿದ್ದ ಕಡೆ ನೋಡಿ ದನಿ ತಗ್ಗಿಸಿದರು.

"ಬರೀಬ್ಯಾಡ ತಂಗಿ. ಆ ಮಾಡದಾಗ ಇನ್ನೇನೇನ ಇಟ್ಟೀದಿ ಅಂತ ನಿಮ್ಮ ಮಾವ ಕೇಳತಾರ."

ಪಾರ್ಸಲ್ಲು

ಸಂಗ್ರಹಾಲಯ ಒಂದು ಉತ್ತರ ಭಾರತದಲ್ಲಿ, ಇನ್ನೊಂದು ಜರ್ಮನಿಯಲ್ಲಿ. ಮೊದಲನೆಯದಕ್ಕೆ ಗುರುಗಳೇ ಖುದ್ದಾಗಿ ಹೋಗಿ ಕೊಟ್ಟು ಬಂದರು. ಎರಡನೆಯದನ್ನು ಅಂಚೆಯಲ್ಲಿ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ದೈವಕ್ಕೆ, ಅಮೆರಿಕದಲ್ಲಿ ಯಾರೋ ಲಕೋಟೆಯೊಳಗೆ ರೋಗದ ಪುಡಿ ಹಾಕಿ ಕಳಿಸಿದ ಸುದ್ದಿ ಆಗಷ್ಟೇ ಎಲ್ಲ ಪೇಪರಿನಲ್ಲೂ ಬಂದಿತ್ತು. ಅಂಥ ಹೊತ್ತಿನಲ್ಲಿ ನಾನು ಪರದೇಶಕ್ಕೆ ಬ್ಯಾಕ್ಟೀರಿಯಾ ಕಟ್ಟಿಕೊಂಡು ಕೌಂಟರಿನ ಮುಂದೆ ನಿಂತೆ.

ಕ್ಲಾರ್ಕು ಪೇಪರ್ ತಪ್ಪದೆ ಓದುವ ಮನುಷ್ಯ. ಒಳಗೇನಿದೆ ಅಂತ ಕೇಳಿದ, ಹೇಳಿದೆ. ಅವನು ಖುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದ. ಇದು ರೋಗದ್ದಲ್ಲ, ನಿರುಪದ್ರವಿ, ಗಿಡದ ಬೇರಿಗೆ ಒಳ್ಳೆಯದು ಅಂತ ಗುರುಗಳು ಸಹಿ ಮಾಡಿದ ಕಾಗದ ತೋರಿಸಿದೆ. ಅವನು ಕಾಗದವನ್ನು ದೂರದಿಂದಲೇ ಓದಿ, ಹಾಗಂತ ಅವು ತಾವಾಗಿ ಹೇಳಿದವೇನು ಅಂತ ಕೇಳಿದ. ನನ್ನ ಹಿಂದಿನ ಸಾಲು ಆಗಲೇ ಅರ್ಧ ಕರಗಿತ್ತು.

ಕೊನೆಗೆ ನಾನು, ನಿಮ್ಮ ಮನೆಯಲ್ಲಿ ಮೊಸರು ಮಾಡುತ್ತೀರಲ್ಲ, ಹೆಪ್ಪು ಹಾಕುತ್ತೀರಲ್ಲ, ಆ ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾವೇ ಅಂದೆ. ಅವನಿಗೆ ಅದು ಹೊಸ ಸಂಗತಿ. ಖುರ್ಚಿ ಮುಂದೆ ಬಂತು. ಹೀಗೆ ಮೊದಲೇ ಹೇಳಬಾರದೇ ಅಂತ ನನ್ನನ್ನೇ ಬೈದು, ಗುರುಗಳ ಕಾಗದವನ್ನು ಪಾರ್ಸಲ್ಲಿಗೆ ಭದ್ರವಾಗಿ ಅಂಟಿಸಿ, ಮೇಲೆ ತಾನೇ ಇಂಗ್ಲಿಷಿನಲ್ಲಿ ದೊಡ್ಡದಾಗಿ ಒಂದು ಸಾಲು ಬರೆದು ಠಸ್ಸೆ ಹೊಡೆದ.

ಒಂದು ತಿಂಗಳಿಗೆ ಜರ್ಮನಿಯಿಂದ ಉತ್ತರ ಬಂತು. ನಿಮ್ಮ ಮಾದರಿ ಸುರಕ್ಷಿತವಾಗಿ ತಲುಪಿತು, ಚೆನ್ನಾಗಿ ಬೆಳೆಯುತ್ತಿದೆ, ಸಂಗ್ರಹಕ್ಕೆ ಸೇರಿಸಿಕೊಂಡಿದ್ದೇವೆ. ಆದರೆ ಪೊಟ್ಟಣದ ಮೇಲೆ ಬರೆದಂತೆ ಇದನ್ನು ಹಾಲಿಗೆ ಹಾಕಿ ನೋಡಿದೆವು, ಮೊಸರಾಗಲಿಲ್ಲ, ದಯವಿಟ್ಟು ವಿಧಾನ ತಿಳಿಸಿರಿ.

ಹೆಸರಿಡುವುದು

ಎಲ್ಲ ಮುಗಿದ ಮೇಲೆ ಹೆಸರಿನ ಪ್ರಶ್ನೆ ಬಂತು. ಹೊಸ ಜಾತಿಗೆ ಅದು ಸಿಕ್ಕ ಊರಿನ ಹೆಸರಿಗೆ ಲ್ಯಾಟಿನ್ನಿನ ಬಾಲ ಹಚ್ಚಿ ಇಡುವ ರೂಢಿ ಇದೆ. ನಮ್ಮ ಸ್ಟಾಫ್ ರೂಮಿನಲ್ಲಿ ಕಿತ್ತೂರಿನವರೂ ಇದ್ದರು, ಸವದತ್ತಿಯವರೂ ಇದ್ದರು. ಅಲ್ಲಿನ ಬೇರನ್ನೂ ತಂದಿದ್ದೀರಲ್ಲ, ನಮ್ಮೂರ ಹೆಸರಿಗೇನಾಗಿದೆ ಅಂತ ಎರಡು ದಿನ ಜಗಳಾಡಿದರು. ನನಗೆ ಮಾತ್ರ ಆ ಸಣ್ಣ ಊರಿನ ಹೆಸರೇ ಆಗಬೇಕಿತ್ತು. ಅದು ಯಾವ ನಕಾಶೆಯಲ್ಲೂ ಇರಲಿಲ್ಲ, ಒಂದು ಬ್ಯಾಕ್ಟೀರಿಯಾದ ಬೆನ್ನ ಮೇಲಾದರೂ ಇರಲಿ ಅನಿಸಿತ್ತು. ಒಂದು ಮಾತು ಊರವರಿಗೆ ಹೇಳಿ ಇಡೋಣ ಅಂತ ಅಲ್ಲಿನ ಗೌಡರ ಮನೆಗೆ ಹೋದೆ.

ಗೌಡರು ಎಪ್ಪತ್ತರ ಹತ್ತಿರದವರು, ತೂಕದ ಮಾತಿನವರು. ಚಹಾ ಕುಡಿಸಿ, ಪೂರಾ ಕೇಳಿ, ಆಗುವುದಿಲ್ಲ ಅಂದರು. ಬ್ಯಾಕ್ಟೀರಿಯಾ ಅಂದರೆ ರೋಗದ ಹುಳ ಅಂತ ಸಾಲೆಯಲ್ಲೇ ಕಲಿಸುತ್ತಾರೆ. ನಾಳೆ ಊರ ಹುಡುಗರಿಗೆ ಹೆಣ್ಣು ಕೇಳಲು ಹೋದರೆ, ಆ ಹುಳದ ಊರಿನವರೇನು ಅಂತ ಬೀಗರು ಕೇಳಿದರೆ ಏನು ಹೇಳುವುದು ಅಂತ ಅವರ ಚಿಂತೆ. ಬೇಕಾದರೆ ಕೆರೆಯ ಆ ಕಡೆಯ ಊರಿನ ಹೆಸರಿಡಿರಿ, ಅವರಿಗೆ ಹೇಗೂ ಯಾರೂ ಹೆಣ್ಣು ಕೊಡುತ್ತಿಲ್ಲ ಅಂತ ಒಂದು ದಾರಿಯನ್ನೂ ತೋರಿಸಿದರು.

ನಾನು ಬಿಡಲಿಲ್ಲ. ಮುಂದಿನ ರವಿವಾರ ಮತ್ತೆ ಹೋದೆ. ಈ ಸಲ ಎರಡು ಕುಂಡದಲ್ಲಿ ಜೋಳದ ಸಸಿ, ಜೊತೆಗೆ ಕಾಲೇಜಿನ ಸೂಕ್ಷ್ಮದರ್ಶಕ. ಸಾಲೆಯ ಕಟ್ಟೆಯ ಮೇಲೆ ಬಿಸಿಲಿಗೆ ಅದನ್ನಿಟ್ಟು, ಊರವರನ್ನೆಲ್ಲ ಕರೆದು, ಮೊದಲು ಸಸಿಗಳನ್ನು ಮಣ್ಣಿನಿಂದ ಬಿಡಿಸಿ ತೋರಿಸಿದೆ. ಬ್ಯಾಕ್ಟೀರಿಯಾ ಹಚ್ಚಿ ಬಿತ್ತಿದ ಸಸಿಯ ಬೇರು ದಟ್ಟವಾಗಿ ಇಳಿದಿತ್ತು, ಹಚ್ಚದ್ದು ಬಡಕಲಾಗಿತ್ತು. ಒಕ್ಕಲುತನ ಮಾಡುವ ಮಂದಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೇರನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು, ಮಾತು ಕಡಿಮೆಯಾಯಿತು. ಆದರೂ ಎಲ್ಲರ ಕಣ್ಣು ಗೌಡರ ಮೇಲಿತ್ತು.

ಗೌಡರು, ಮೊದಲು ಅದರ ಮುಖ ನೋಡಬೇಕು ಅಂದರು. ಗಾಜಿನ ಮೇಲೆ ಬ್ಯಾಕ್ಟೀರಿಯಾ ಹಚ್ಚಿ, ಗುಲಾಬಿ ಬಣ್ಣ ಕೊಟ್ಟು, ನಾನು ಸರಿಯಾಗಿ ಕಾಣುವಂತೆ ಹೊಂದಿಸಿ ಕೊಟ್ಟೆ. ಸಣ್ಣ ಗುಲಾಬಿ ಕಡ್ಡಿಗಳು ಜೀರಿಗೆ ಚೆಲ್ಲಿದಂತೆ ಬಿದ್ದಿದ್ದವು. ಗೌಡರು ರುಮಾಲು ಹಿಂದೆ ಸರಿಸಿ, ಕನ್ನಡಕ ತೆಗೆದು ಮಗನ ಕೈಗೆ ಕೊಟ್ಟು, ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿ ಇಟ್ಟರು. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ತೆಗೆಯದೆ ಊರಿಗೆಲ್ಲ ಕೇಳುವಂತೆ ವರ್ಣನೆ ಶುರು ಮಾಡಿದರು. ಕರ್ರಗಿವೆ, ಉದ್ದಕ್ಕಿವೆ, ತುದಿಗೆ ಸ್ವಲ್ಪ ಬಾಗಿವೆ, ಸಾಲು ಹಿಡಿದು ನಿಂತಿವೆ. ತಾವು ಕಣ್ಣು ಮುಚ್ಚಿ ತೆಗೆದರೆ ಅವೂ ಬಗ್ಗಿ ಏಳುತ್ತವೆ, ನಮಸ್ಕಾರ ಮಾಡಿದ ಹಾಗೆ ಅಂದರು.

ನನಗೆ ಗೊತ್ತಾಯಿತು. ಮೊದಲ ಸಲ ನೋಡುವವರು ಕಣ್ಣನ್ನು ಹಾಗೆ ಒತ್ತಿ ಇಟ್ಟರೆ ಕಾಣುವುದು ಬ್ಯಾಕ್ಟೀರಿಯಾ ಅಲ್ಲ, ಅವರದೇ ಕಣ್ಣಿನ ರೆಪ್ಪೆಯ ಕೂದಲು. ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಲ್ಲಿ ನಾಲ್ಕು ಮಂದಿಯಾದರೂ ಅದನ್ನೇ ನೋಡಿ ಅದರದೇ ಚಿತ್ರ ಬರೆದು ತಂದು ಕೊಡುತ್ತಿದ್ದರು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸಾಲೆಯ ಮಾಸ್ತರರು ಮುಂದೆ ಬಂದು ತಾವೂ ಇಣುಕಿದರು. ಅವರಿಗೆ ರೂಢಿ ಇತ್ತು, ಗುಲಾಬಿ ಕಡ್ಡಿಗಳೇ ಕಂಡಿರಬೇಕು. ತಲೆ ಎತ್ತಿ ನನ್ನ ಮುಖ ನೋಡಿದರು, ಗೌಡರ ಮುಖ ನೋಡಿದರು, ಆಮೇಲೆ ಮಂದಿಯ ಕಡೆ ತಿರುಗಿ, ಹೌದು, ಗೌಡರು ಹೇಳಿದ ಹಾಗೇ ಇವೆ ಅಂದರು. ಅವರ ನಂತರ ನೋಡಿದ ಇಪ್ಪತ್ತು ಮಂದಿಗೂ ಕರ್ರಗೇ ಕಂಡವು.

ನಾನು ತೆರೆದ ಬಾಯಿ ಮುಚ್ಚಿಕೊಂಡು, ಹಾಗಾದರೆ ಹೆಸರಿನ ವಿಚಾರ ಏನು ಮಾಡುವುದು ಅಂತ ಕೇಳಿದೆ. ಗೌಡರು ಮಗನ ಕೈಯಿಂದ ಕನ್ನಡಕ ಇಸಕೊಂಡು ಹಾಕಿಕೊಂಡರು. ರುಮಾಲು ಸರಿ ಮಾಡಿಕೊಂಡರು. ಒದ್ದೆಯಾಗಿದ್ದ ಕಣ್ಣನ್ನು ಬೆರಳಿನಿಂದ ಒಮ್ಮೆ ಒರೆಸಿಕೊಂಡರು.

"ನಮ್ಮೂರ ಹೆಸರನ ಇಡ್ರಿ ಅಕ್ಕಾರ. ದೂರದಿಂದ ಯಾರ ಪೈಕಿನೋ ಏನೋ ಅಂತ ತಿಳಿದಿದ್ದೆ. ಹತ್ತರದಿಂದ ನೋಡಿದ ಮ್ಯಾಲ, ಯಾಕೋ ನಮ್ಮ ಮನಿತನದವೇ ಅನಸಾಕ ಹತ್ಯಾವು."